ಬೀಗ ಹಾಕಿದ ಪಕ್ಕದ ಮನೆ: ಮಾಲೀಕರಿಗೆ ಏನು ಬರೆಯಬೇಕು, ಯಾರಿಗೆಲ್ಲ ಬರೆಯಬೇಕು?

ಪ್ರಶ್ನೆ: ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಸ್ವಂತ ಮನೆಯಿದೆ. ಪಕ್ಕದ ಹೆಂಚಿನ ಮನೆಗೆ ಐದು ವರ್ಷಗಳಿಂದ ಬೀಗ ಬಿದ್ದಿದೆ. ಅಲ್ಲಿದ್ದ ನಿವೃತ್ತ ಮೇಷ್ಟ್ರು ಮೊದಲು ತೀರಿಕೊಂಡರು, ಆಮೇಲೆ ಅವರ ಪತ್ನಿ. ದೊಡ್ಡ ಮಗ ಅಮೆರಿಕದಲ್ಲಿದ್ದಾರಂತೆ. ಬೆಂಗಳೂರಿನಲ್ಲಿದ್ದ ಎರಡನೆಯ ಮಗ ಈಗಿಲ್ಲ, ಅವರಿಗೆ ಪತ್ನಿ ಮತ್ತು ಶಾಲೆಗೆ ಹೋಗುವ ಮಗ ಇದ್ದಾರೆ. ಮಗಳು ಹುಬ್ಬಳ್ಳಿಯಲ್ಲಿದ್ದಾರೆ. ಯಾರ ವಿಳಾಸವೂ ನಮ್ಮಲ್ಲಿಲ್ಲ. ಆ ಮನೆ ಕೊಳ್ಳಲು ನಮಗೆ ಇಷ್ಟ. ಅವರನ್ನು ಹೇಗೆ ಹುಡುಕುವುದು, ಏನೆಂದು ಕೇಳುವುದು? ಬ್ರೋಕರ್ ಒಬ್ಬರು ಎರಡು ಲಕ್ಷ ಮುಂಗಡ ಕೊಟ್ಟರೆ ದೊಡ್ಡ ಮಗನ ಜೊತೆ ಮಾತನಾಡಿಸುತ್ತೇನೆ, ಅವರೊಬ್ಬರು ಒಪ್ಪಿದರೆ ಸಾಕು ಎನ್ನುತ್ತಾರೆ. ಸದ್ಯಕ್ಕೆ ಬಿದ್ದುಹೋದ ಕಾಂಪೌಂಡಿನ ಜಾಗದಲ್ಲಿ ನಮ್ಮ ಕಾರು ನಿಲ್ಲಿಸುತ್ತಿದ್ದೇವೆ.

ಉತ್ತರ: ಮೊದಲು ಆ ಕಾರನ್ನು ಅಲ್ಲಿಂದ ತೆಗೆಯಿರಿ. ಇಂದೇ ತೆಗೆಯಿರಿ.

ಹಾಸ್ಯಕ್ಕೆ ಹೇಳುತ್ತಿಲ್ಲ. ದೂರದಲ್ಲಿರುವ ವಾರಸುದಾರರಿಗೆ ಅತಿ ದೊಡ್ಡ ಭಯವೆಂದರೆ ಜಾಗವನ್ನು ಯಾರಾದರೂ ಮೆಲ್ಲಗೆ ಒಳಗೆ ಹಾಕಿಕೊಂಡಾರು ಎಂಬುದು. ಹನ್ನೆರಡು ವರ್ಷ ಬಹಿರಂಗವಾಗಿ ಅನುಭವದಲ್ಲಿಟ್ಟುಕೊಂಡರೆ ಜಾಗ ತಮ್ಮದಾಗುತ್ತದೆ ಎಂಬ ಮಾತು ಎಲ್ಲರ ಕಿವಿಗೂ ಬಿದ್ದಿರುತ್ತದೆ. ಪ್ರತಿಕೂಲ ಸ್ವಾಧೀನ ಎಂದು ಕರೆಯುವ ಈ ಹಕ್ಕನ್ನು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಎಷ್ಟು ಕಷ್ಟ ಎಂಬುದು ಮಾತ್ರ ಯಾರ ಕಿವಿಗೂ ಬಿದ್ದಿರುವುದಿಲ್ಲ. ಕೊಳ್ಳುತ್ತೇವೆ ಎಂದು ಬರೆದ ಪಕ್ಕದ ಮನೆಯವರೇ ತಮ್ಮ ಅಂಗಳದಲ್ಲಿ ಕಾರು ನಿಲ್ಲಿಸಿದ್ದಾರೆ ಎಂದು ಹುಬ್ಬಳ್ಳಿಯ ಮಗಳಿಗೆ ಯಾರಾದರೂ ಫೋಟೊ ಕಳುಹಿಸಿದರೆ ನಿಮ್ಮ ಪತ್ರಕ್ಕೆ ಬೆಲೆಯಿರುವುದಿಲ್ಲ.

ಇನ್ನು ಹುಡುಕುವ ಮಾತು. ನೀವು ಇದನ್ನೇ ದೊಡ್ಡ ಕಷ್ಟವೆಂದುಕೊಂಡಿದ್ದೀರಿ, ನನಗೆ ಹಾಗನ್ನಿಸುವುದಿಲ್ಲ. ಮೈಸೂರಿನ ಹಳೆಯ ಬಡಾವಣೆಯಲ್ಲಿ ಯಾವ ಮನೆಯೂ ಪೂರ್ತಿ ಅನಾಥವಾಗಿರುವುದಿಲ್ಲ. ಒಂದು ಕೀಲಿಕೈ ಊರಿನಲ್ಲೇ ಯಾರ ಬಳಿಯಾದರೂ ಇರುತ್ತದೆ. ವರ್ಷಕ್ಕೊಮ್ಮೆ ಪಾಲಿಕೆಯ ತೆರಿಗೆಯನ್ನೂ ಯಾರೋ ಕಟ್ಟುತ್ತಿರುತ್ತಾರೆ. ವಿದ್ಯುತ್ ಕಂಪನಿ ಸೆಸ್ಕ್‌ನ ಮೀಟರಿನ ಕನಿಷ್ಠ ಬಿಲ್ಲು, ವಾಣಿ ವಿಲಾಸ ನೀರಿನ ಬಿಲ್ಲು ಬಾಕಿ ಉಳಿಯದಂತೆ ನೋಡಿಕೊಳ್ಳುವವರೂ ಬಹುಪಾಲು ಅವರೇ. ಆ ವ್ಯಕ್ತಿಯನ್ನು ಕಂಡುಕೊಂಡರೆ ಅರ್ಧ ಕೆಲಸ ಮುಗಿಯಿತು. ಬೀದಿಯ ಇಸ್ತ್ರಿ ಅಂಗಡಿಯವರು, ಹಾಲು ಹಾಕುವವರು, ಪಿಗ್ಮಿ ಕಟ್ಟಿಸಿಕೊಳ್ಳುವವರು, ಮೇಷ್ಟ್ರ ಮನೆಗೆ ತಿಥಿ ಮಾಡಿಸಲು ಬರುತ್ತಿದ್ದ ಪುರೋಹಿತರು, ಎದುರು ಸಾಲಿನ ಹಿರಿಯ ಹೆಂಗಸರು, ಇವರಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ. ಮೇಷ್ಟ್ರು ಎಂದಮೇಲೆ ಪಾಠ ಹೇಳಿಸಿಕೊಂಡವರೂ ಊರಿನಲ್ಲಿದ್ದಾರು.

ಒಂದು ಎಚ್ಚರಿಕೆ. ಯಾರಿಂದಲೂ ವಾರಸುದಾರರ ಮೊಬೈಲ್ ನಂಬರ್ ಕೇಳಬೇಡಿ. ನಿಮ್ಮ ನಂಬರ್ ಬರೆದುಕೊಟ್ಟು, “ಅವರಿಗೆ ಅಡ್ಡಿಯಿಲ್ಲದಿದ್ದರೆ ಒಮ್ಮೆ ಕರೆ ಮಾಡಲಿ” ಎಂದು ಹೇಳಿಕಳುಹಿಸಿ. ನಂಬರ್ ಕೊಟ್ಟವರ ಮೇಲೆ ಮನೆಯವರು ಸಿಟ್ಟಾದರೆ ಆ ದಾರಿ ಮುಚ್ಚಿತೆಂದೇ ಲೆಕ್ಕ. ತಾವಾಗಿ ಕರೆ ಮಾಡಿದವರು ಮಾತನಾಡುವ ಮನಸ್ಸಿನಲ್ಲೇ ಇರುತ್ತಾರೆ.

ಕಾಗದಪತ್ರದ ದಾರಿಯೂ ಇದೆ, ಇದನ್ನು ಜೊತೆಜೊತೆಗೇ ನಡೆಸಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಸ್ವತ್ತಿನ ಋಣಭಾರ ಪತ್ರಕ್ಕೆ (ಇಸಿ, ಅಂದರೆ ನೋಂದಾಯಿತ ವಹಿವಾಟುಗಳ ಪಟ್ಟಿ) ಅರ್ಜಿ ಹಾಕಿ. 2004ಕ್ಕಿಂತ ಹಿಂದಿನ ವಹಿವಾಟು ಬೇಕಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೈಬರಹದ ಹಳೆಯ ಪುಸ್ತಕಗಳನ್ನು ಹುಡುಕಿಸಬೇಕಾದೀತು. ಸಿಕ್ಕಿದ ದಸ್ತಾವೇಜಿನ ದೃಢೀಕೃತ ನಕಲನ್ನು ಪಡೆಯಲು ಮಾಲೀಕರ ಒಪ್ಪಿಗೆ ಬೇಕಿಲ್ಲ. ನೋಂದಣಿ ಕಾಯ್ದೆಯ 57ನೇ ಕಲಮಿನ ಪ್ರಕಾರ ಸ್ಥಿರಾಸ್ತಿ ಪತ್ರಗಳಿರುವ ಒಂದನೇ ಪುಸ್ತಕವನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ನೋಡಬಹುದು. ಮೇಷ್ಟ್ರು ಉಯಿಲು ನೋಂದಾಯಿಸಿದ್ದರೆ, ಅವರು ತೀರಿಕೊಂಡಿರುವುದರಿಂದ ಅದರ ನಕಲನ್ನೂ ಕೇಳಿ ಪಡೆಯಬಹುದು. ಆದರೆ ಉಯಿಲಿಗೆ ನೋಂದಣಿ ಕಡ್ಡಾಯವಲ್ಲ. ಕಪಾಟಿನಲ್ಲಿ ಮಡಚಿಟ್ಟ ಬಿಳಿ ಹಾಳೆಯೂ ಇಬ್ಬರು ಸಾಕ್ಷಿಗಳ ಸಹಿಯಿದ್ದರೆ ಉಯಿಲೇ. ಋಣಭಾರ ಪತ್ರದಲ್ಲಿ ಅದು ಕಾಣುವುದಿಲ್ಲ, ನಡೆಯುತ್ತಿರುವ ದಾವೆಯೂ ಕಾಣುವುದಿಲ್ಲ. ದಾವೆಗಾಗಿ ಇ-ಕೋರ್ಟ್ಸ್ ತಾಣದಲ್ಲಿ ಪಕ್ಷಗಾರರ ಹೆಸರು ಹಾಕಿ ಹುಡುಕಿ.

ದಸ್ತಾವೇಜಿನಲ್ಲಿ ನೀವು ಮುಖ್ಯವಾಗಿ ನೋಡಬೇಕಾದದ್ದು ಮನೆ ಯಾರ ಹೆಸರಿನಲ್ಲಿದೆ ಎಂಬುದನ್ನು. ಆ ಕಾಲದಲ್ಲಿ ಹೆಂಡತಿಯ ಹೆಸರಿಗೆ ನಿವೇಶನ ಬರೆಸಿದವರು ಮೈಸೂರಿನಲ್ಲಿ ಕಡಿಮೆಯಿಲ್ಲ. ಮೂಲಪತ್ರ ಹಿಂದಿನ ನಗರ ಸುಧಾರಣಾ ಟ್ರಸ್ಟ್ ಮಂಡಳಿಯದ್ದಾಗಿದ್ದರೆ, ಅದು ಪೂರ್ಣ ಕ್ರಯಪತ್ರವೋ ಬರಿಯ ಗುತ್ತಿಗೆ ಸಹಿತ ಕ್ರಯದ ಕರಾರೋ ಎಂದು ಓದಿ ನೋಡಿ. ಎರಡನೆಯದಾದರೆ ಈಗಿನ ಅಭಿವೃದ್ಧಿ ಪ್ರಾಧಿಕಾರದಿಂದ ಅಂತಿಮ ಕ್ರಯಪತ್ರ ಬರಬೇಕಾದ ಕೆಲಸ ಇನ್ನೂ ಬಾಕಿಯಿರಬಹುದು. ಪಾಲಿಕೆಯ ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಮಾಲೀಕರಾಗುವುದಿಲ್ಲ, ಅದು ತೆರಿಗೆಯ ದಾಖಲೆ.

ಈಗ ಪತ್ರ. ದೊಡ್ಡ ಮಗನಿಗೆ ನೇರವಾಗಿ ಫೋನ್ ಮಾಡಿ “ಮನೆ ಕೊಡುತ್ತೀರಾ, ಎಷ್ಟಕ್ಕೆ?” ಎಂದು ಕೇಳಬೇಡಿ. ಇಂತಹ ಮನೆಗಳು ಖಾಲಿ ಬೀಳುವುದು ಯಾರಿಗೂ ಬೇಡವಾಗಿ ಅಲ್ಲ. ತಂದೆತಾಯಿ ಹೋದಮೇಲೆ ಮಕ್ಕಳ ನಡುವೆ ಒಂದು ಮಾತು ಆಗಬೇಕಾಗಿರುತ್ತದೆ, ಅದು ಆಗಿರುವುದಿಲ್ಲ. ಯಾರು ಮೊದಲು ಬಾಯಿಬಿಟ್ಟರೂ ಆಸ್ತಿಯ ಮೇಲೆ ಕಣ್ಣು ಎಂಬ ಅಪವಾದ. ಅಣ್ಣ ತಮ್ಮನ ಹೆಂಡತಿಯ ಮುಂದೆ ಸಂಕೋಚ ಪಡುತ್ತಾರೆ, ತಂಗಿ ಅಣ್ಣನ ಮುಂದೆ. ನಿಮ್ಮ ಪತ್ರ ಆ ಮಾತಿಗೆ ನೆಪವಾಗಬೇಕೇ ಹೊರತು ಅವರಲ್ಲಿ ಒಬ್ಬರ ಗುಟ್ಟಾಗಬಾರದು. ಆದ್ದರಿಂದ ಒಂದೇ ಒಕ್ಕಣೆಯ ಪತ್ರ ಮೂರೂ ಕಡೆಗೆ ಹೋಗಬೇಕು, ಮೂರೂ ಕಡೆಗೆ ಹೋಗಿದೆಯೆಂದು ಪತ್ರದಲ್ಲೇ ಬರೆದಿರಬೇಕು. ನೀವು ಕೇಳಿದ್ದರಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ.

ಒಕ್ಕಣೆ ಹೀಗಿರಬಹುದು:

“ಮಾನ್ಯರೇ, ನಮಸ್ಕಾರ. ನಾನು ನಿಮ್ಮ ತಂದೆಯವರ ಮನೆಯ ಪಕ್ಕದ ಮನೆಯವನು. ಮೇಷ್ಟ್ರನ್ನೂ ಅಮ್ಮನವರನ್ನೂ ನಮ್ಮ ಮನೆಯವರೆಲ್ಲ ಬಲ್ಲೆವು. ಕಳೆದ ಮಳೆಗಾಲದಲ್ಲಿ ಅಡುಗೆಮನೆಯ ಮೇಲಿನ ಹೆಂಚುಗಳು ಜಾರಿವೆ, ಪಕ್ಕದ ಕಾಂಪೌಂಡ್ ಒಂದಷ್ಟು ಬಿದ್ದಿದೆ. ನಮ್ಮ ಕಡೆಯಿಂದ ತೆಗೆದ ಫೋಟೊ ಜೊತೆಗಿಟ್ಟಿದ್ದೇನೆ. ಮನೆಯ ವಿಚಾರದಲ್ಲಿ ನಿಮ್ಮ ಕುಟುಂಬದ ಯೋಚನೆ ಏನೆಂದು ನನಗೆ ತಿಳಿಯದು. ಮುಂದೆಂದಾದರೂ ಎಲ್ಲರೂ ಸೇರಿ ಮಾರಬೇಕೆಂದು ನಿರ್ಧರಿಸಿದರೆ ಕೊಳ್ಳಲು ನಮಗೆ ಮನಸ್ಸಿದೆ, ಆಗ ನಮಗೂ ಒಂದು ಮಾತು ತಿಳಿಸಬೇಕೆಂದು ಕೋರುತ್ತೇನೆ. ಇದೇ ಪತ್ರವನ್ನು ನಿಮ್ಮ ಅಣ್ಣನವರಿಗೂ ಅತ್ತಿಗೆಯವರಿಗೂ ಕಳುಹಿಸಿದ್ದೇನೆ. ಮಾರುವ ಯೋಚನೆ ಇಲ್ಲವಾದರೂ ಮನೆಯ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ಸಂಕೋಚವಿಲ್ಲದೆ ಕರೆ ಮಾಡಿ.”

ಇದು ಮಗಳಿಗೆ ಹೋಗುವ ಪ್ರತಿ. ಉಳಿದವಕ್ಕೆ ಸಂಬಂಧದ ಪದಗಳನ್ನು ಬದಲಿಸಿಕೊಳ್ಳಿ. ಬೆಲೆಯ ಸುದ್ದಿ ಇದರಲ್ಲಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಮೊದಲ ಪತ್ರದಲ್ಲಿ ಬರೆದ ಅಂಕಿ ಎಷ್ಟೇ ದೊಡ್ಡದಿರಲಿ, “ಇವರೇ ಇಷ್ಟು ಹೇಳಬೇಕಾದರೆ ನಿಜವಾದ ಬೆಲೆ ಎಷ್ಟಿರಬೇಡ” ಎಂಬ ಲೆಕ್ಕ ಶುರುವಾಗುತ್ತದೆ. ಮನೆ ಹಾಳಾಗುತ್ತಿದೆ, ಹಾವು ಸೇರಿಕೊಂಡಿದೆ ಎಂದೆಲ್ಲ ಹೆದರಿಸಬೇಡಿ. ಇದ್ದದ್ದನ್ನು ಇದ್ದಷ್ಟೇ ಹೇಳಿ. ಕೈಬರಹ ಓದುವಂತಿದ್ದರೆ ಕೈಯಲ್ಲೇ ಬರೆಯಿರಿ.

ಪತ್ರವನ್ನು ಸಾದಾ ಲಕೋಟೆಯಲ್ಲಿ ಕೀಲಿಕೈ ಇಟ್ಟುಕೊಂಡವರ ಮೂಲಕವೋ ಅವರು ಕೊಟ್ಟ ವಿಳಾಸಕ್ಕೋ ಕಳುಹಿಸಿ. ಸಹಿ ಹಾಕಿ ಪಡೆಯಬೇಕಾದ ಅಂಚೆ ಬೇಡ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದ್ದರೂ ಅಂಥ ಲಕೋಟೆ ಕಂಡೊಡನೆ ವಕೀಲರ ನೋಟಿಸ್ ಬಂತೆಂದು ಎದೆ ಹೊಡೆದುಕೊಳ್ಳುವ ಅಭ್ಯಾಸ ನಮ್ಮ ಜನಕ್ಕೆ ಹೋಗಿಲ್ಲ. ಅಮೆರಿಕದವರಿಗೆ ಅದೇ ಪತ್ರದ ಫೋಟೊ ವಾಟ್ಸಾಪ್‌ನಲ್ಲಿ ತಲುಪಿದರೆ ಸಾಕು.

ಸಮಯವನ್ನೂ ನೋಡಿಕೊಳ್ಳಿ. ಆಷಾಢದಲ್ಲೋ ಪಿತೃಪಕ್ಷದಲ್ಲೋ ಮನೆ ಮಾರುವ ಮಾತೆತ್ತಿದರೆ ನಂಬದವರೂ ಮುಖ ಸಿಂಡರಿಸುತ್ತಾರೆ. ದಸರೆಗೋ ಡಿಸೆಂಬರ್ ರಜೆಗೋ ತಿಥಿಗೋ ಅವರು ಊರಿಗೆ ಬರುವುದು ಗೊತ್ತಾದರೆ, ಪತ್ರ ಅದಕ್ಕೆ ಒಂದೆರಡು ತಿಂಗಳು ಮೊದಲು ತಲುಪಿರಲಿ. ಬಂದಾಗ ಕಾಫಿಗೆ ಕರೆಯಿರಿ, ತಿಥಿಯ ದಿನ ಮಾತ್ರ ಬೇಡ. ಉತ್ತರವೇ ಬಾರದಿದ್ದರೆ ಆರು ತಿಂಗಳು ಬಿಟ್ಟು ಇನ್ನೊಂದು ಪತ್ರ, ಆಮೇಲೆ ವರ್ಷಕ್ಕೊಂದು. ವಾರಕ್ಕೊಂದು ಸಂದೇಶ ಕಳುಹಿಸಿದರೆ ನಿಮ್ಮ ನಂಬರನ್ನೇ ನಿರ್ಬಂಧಿಸುತ್ತಾರೆ.

ಉತ್ತರ ಬಂತೆಂದಿಟ್ಟುಕೊಳ್ಳೋಣ. ಈಗ ಯಾರ ಸಹಿ ಬೇಕು? ತಿಥಿಯಂಥ ವಿವರಗಳನ್ನು ನಾನು ಊಹಿಸಿಕೊಂಡಿರುವುದರಿಂದ ಹಿಂದೂ ಕುಟುಂಬವೆಂದು ತಿಳಿದು ಬರೆಯುತ್ತಿದ್ದೇನೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಾದರೆ ಪಾಲಿನ ಲೆಕ್ಕ ಬೇರೆ. ಉಯಿಲು ಇಲ್ಲದೆ ತೀರಿಕೊಂಡ ಮೇಷ್ಟ್ರ ಸ್ವಯಾರ್ಜಿತ (ಸ್ವಂತ ಸಂಪಾದನೆಯ) ಮನೆಯಾದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪತ್ನಿಗೂ ಮಕ್ಕಳಿಗೂ ಸಮಪಾಲು. ಎರಡನೆಯ ಮಗನ ಪಾಲು ಅವರ ಪತ್ನಿಗೂ ಮಗನಿಗೂ ಬರುತ್ತದೆ. ಯಾರು ಮೊದಲು ತೀರಿಕೊಂಡರು ಎಂಬುದರ ಮೇಲೆ ಭಿನ್ನರಾಶಿಗಳು ಬದಲಾಗುತ್ತವೆ, ಸಹಿ ಹಾಕಬೇಕಾದವರು ಮಾತ್ರ ಅವರೇ. ಮನೆ ಅಮ್ಮನವರ ಹೆಸರಿನಲ್ಲಿದ್ದು ಎರಡನೆಯ ಮಗ ಅವರಿಗಿಂತ ಮೊದಲೇ ಹೋಗಿದ್ದರೆ ಸೊಸೆಗೆ ಸ್ವಂತ ಪಾಲಿರುವುದಿಲ್ಲ, ಮೊಮ್ಮಗನಿಗಿರುತ್ತದೆ. “ಮಗಳಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ” ಎಂದು ಯಾರಾದರೂ ಹೇಳಿದರೆ ತಲೆಯಾಡಿಸಿ ಸುಮ್ಮನಿರಿ, ಹುಬ್ಬಳ್ಳಿಯವರ ಸಹಿ ಇಲ್ಲದೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ಅವರು ನಿಜವಾಗಿಯೂ ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು.

ನಿಮ್ಮ ಪ್ರಕರಣದ ಸೂಕ್ಷ್ಮ ಜಾಗ ಆ ಶಾಲೆಗೆ ಹೋಗುವ ಹುಡುಗ. ಅಪ್ರಾಪ್ತ ವಯಸ್ಕನ ಪಾಲನ್ನು ಹೆತ್ತ ತಾಯಿಯೂ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ. ಮಾರಿದರೆ ಹುಡುಗ ಹದಿನೆಂಟು ತುಂಬಿದ ಮೂರು ವರ್ಷದೊಳಗೆ ಅದನ್ನು ತಳ್ಳಿಹಾಕಬಹುದು. ಅದಕ್ಕೆ ದಾವೆಯನ್ನೇ ಹೂಡಬೇಕೆಂದಿಲ್ಲ, ನಡವಳಿಕೆಯಿಂದಲೂ ಆಗುತ್ತದೆ ಎಂದು ದಾವಣಗೆರೆಯ ಶಾಮನೂರಿನ ನಿವೇಶನಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಮಕ್ಕಳು ದೊಡ್ಡವರಾದ ಮೇಲೆ ಅದೇ ಜಾಗವನ್ನು ಬೇರೆಯವರಿಗೆ ಮಾರಿದ್ದರು. ಹಾಗಾಗಿ ಅನುಮತಿಯ ಅರ್ಜಿಗೆ ತಿಂಗಳುಗಳು ಹಿಡಿದರೂ ಸರಿ, ಹಿಡಿಯಲಿ. ಹುಡುಗನಿಗೆ ಹದಿನಾರು ಹದಿನೇಳಾಗಿದ್ದರೆ ಕರಾರು ಮಾಡಿಕೊಳ್ಳದೆ ಕಾಯುವುದೇ ಅಗ್ಗವೆಂದು ನಾನಂತೂ ಹೇಳುತ್ತೇನೆ.

ಬ್ರೋಕರ್ ಹೇಳಿದ “ದೊಡ್ಡವರೊಬ್ಬರು ಒಪ್ಪಿದರೆ ಸಾಕು” ಎಂಬ ಮಾತನ್ನು ಇಲ್ಲಿಗಿಟ್ಟು ನೋಡಿ. ಒಬ್ಬರ ಪಾಲನ್ನಷ್ಟೇ ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ, ಕೊಂಡವನ ಗತಿ ಮಾತ್ರ ಕೇಳುವಂತಿಲ್ಲ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಪಾಲು ಕೊಂಡ ಹೊರಗಿನವನಿಗೆ ಉಳಿದವರ ಜೊತೆ ಸ್ವಾಧೀನದಲ್ಲಿರುವ ಹಕ್ಕಿಲ್ಲ. ವಿಭಾಗದ ದಾವೆ ಹೂಡಿದರೆ, 1893ರ ವಿಭಾಗ ಕಾಯ್ದೆಯ 4ನೇ ಕಲಮಿನಡಿ ಕುಟುಂಬದವರೇ ಅವನ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ಕೊಂಡುಕೊಂಡು ಹೊರಗೆ ಕಳುಹಿಸಬಹುದು. ವಾರಸುದಾರರಲ್ಲಿ ಒಬ್ಬರು ಮಾರುವಾಗ ಉಳಿದವರಿಗೆ ಮೊದಲು ಕೊಳ್ಳುವ ಹಕ್ಕು ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಲ್ಲಿದೆ. ಇಷ್ಟೆಲ್ಲ ಇಟ್ಟುಕೊಂಡು ಒಬ್ಬರ ಪಾಲು ಕೊಳ್ಳುವವರು ಮನೆಯನ್ನಲ್ಲ, ಮೊಕದ್ದಮೆಯನ್ನು ಕೊಳ್ಳುತ್ತಾರೆ.

ಇದೇ ಜಾಗದಲ್ಲಿ ಮೋಸಗಾರರೂ ಸುಳಿದಾಡುತ್ತಾರೆ. ಖಾಲಿ ಮನೆ, ದೂರದ ವಾರಸುದಾರರು, ಆತುರದ ಕೊಳ್ಳುವವರು: ನಕಲಿ ಅಧಿಕಾರ ಪತ್ರ ಸೃಷ್ಟಿಸುವವರಿಗೆ ಇದಕ್ಕಿಂತ ಹದವಾದ ನೆಲ ಸಿಕ್ಕುವುದಿಲ್ಲ. ಇಂಥ ಅಧಿಕಾರ ಪತ್ರ, ಅಂದರೆ ಜಿಪಿಎ, ಹಿಡಿದು ಬಂದವರನ್ನು ಮೂರು ವಿಷಯ ಕೇಳಿ. ಬರೆದುಕೊಟ್ಟವರು ಬದುಕಿದ್ದಾರೆಯೇ, ಏಕೆಂದರೆ ಅವರ ಸಾವಿನೊಂದಿಗೆ ಅಧಿಕಾರ ಪತ್ರವೂ ಸಾಯುತ್ತದೆ. ಮಾರಾಟದ ಅಧಿಕಾರ ಅದರಲ್ಲಿ ಸ್ಪಷ್ಟವಾಗಿದೆಯೇ? ವಿದೇಶದಲ್ಲಿ ಬರೆದದ್ದಾದರೆ ಭಾರತೀಯ ದೂತಾವಾಸದ ಮುಂದೆ, ಇಲ್ಲವೇ ಅಲ್ಲಿನ ನೋಟರಿಯ ಮುಂದೆ ಆಗಿ ಅಪೊಸ್ಟಿಲ್ (ಅಲ್ಲಿನ ಸರ್ಕಾರದ ದೃಢೀಕರಣ ಮುದ್ರೆ) ಬಿದ್ದಿದೆಯೇ, ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಲಾಗಿದೆಯೇ? ಎಲ್ಲವೂ ಸರಿಯಿದ್ದರೂ ವಾರಸುದಾರರನ್ನೆಲ್ಲ ಒಮ್ಮೆ ವಿಡಿಯೊ ಕರೆಯಲ್ಲಿ ಸೇರಿಸಿ, ಮೇಷ್ಟ್ರ ಮಕ್ಕಳನ್ನು ಚಿಕ್ಕಂದಿನಿಂದ ಕಂಡ ಎದುರುಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಣ ಪ್ರತಿಯೊಬ್ಬ ವಾರಸುದಾರರ ಸ್ವಂತ ಖಾತೆಗೇ ಹೋಗಬೇಕು, ಅಧಿಕಾರ ಪತ್ರದವರ ಖಾತೆಗಲ್ಲ. ಜಿಪಿಎ ಮತ್ತು ಕರಾರಿನ ಮೇಲೆಯೇ ಮನೆ ಕೈಬದಲಾಯಿಸುವ ದಾರಿಯನ್ನು ಸುಪ್ರೀಂ ಕೋರ್ಟ್ 2011ರಲ್ಲೇ ಮುಚ್ಚಿದೆ.

ಎಲ್ಲರೂ ಒಪ್ಪಿದ ಮೇಲೂ ಖಾತೆ ಸತ್ತವರ ಹೆಸರಿನಲ್ಲೇ ಇದ್ದರೆ ನೋಂದಣಿಯಾಗದು. 2024ರ ಅಕ್ಟೋಬರ್‌ನಿಂದ ಇ-ಖಾತೆ (ಪಾಲಿಕೆಯ ಡಿಜಿಟಲ್ ಖಾತೆ) ಇಲ್ಲದೆ ಕ್ರಯಪತ್ರ ಮುಂದೆ ಹೋಗುವುದಿಲ್ಲ. ಮರಣ ಪ್ರಮಾಣಪತ್ರಗಳು, ವಂಶವೃಕ್ಷ, ಪೌತಿ ಖಾತೆ (ಸತ್ತವರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ), ಆಮೇಲೆ ಇ-ಖಾತೆ, ಇದಕ್ಕೆ ಓಡಾಡುವವರು ಬೇಕು. ಹುಬ್ಬಳ್ಳಿ, ಬೆಂಗಳೂರು, ಅಮೆರಿಕದಲ್ಲಿರುವವರಿಗೆ ಮೈಸೂರು ಪಾಲಿಕೆಯ ವಲಯ ಕಚೇರಿಗೆ ಅಲೆಯುವುದೇ ಬೆಟ್ಟ. ಆ ಓಡಾಟದಲ್ಲಿ ಜೊತೆಗಿರುತ್ತೇನೆ ಎನ್ನಿ. ಬೆಲೆಯಲ್ಲಿ ಕೊಡುವ ರಿಯಾಯಿತಿಗಿಂತ ಇದು ಹೆಚ್ಚು ನಂಬಿಕೆ ತರುತ್ತದೆ. ಅರ್ಜಿ ಮತ್ತು ಸಹಿ ಅವರದ್ದೇ ಇರಲಿ, ಮೂಲಪತ್ರಗಳನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಂಚಿನ ಮನೆಗೆ ಅವರು ನೆನಪಿನ ಬೆಲೆ ಕಟ್ಟುತ್ತಾರೆ, ನೀವು ಕೆಡವುವ ಖರ್ಚು ಕಳೆಯುತ್ತೀರಿ. ಕೊನೆಗೆ ನಿಲ್ಲುವುದು ನಿವೇಶನದ ಚದರಡಿಯ ಲೆಕ್ಕವೇ. ಪಕ್ಕದವರಾದ ನಿಮಗೆ ಆ ಜಾಗ ಇತರರಿಗಿಂತ ಹೆಚ್ಚು ಉಪಯೋಗವೆಂದು ಅವರಿಗೂ ಗೊತ್ತು, ಬಡತನ ತೋಡಿಕೊಂಡು ಪ್ರಯೋಜನವಿಲ್ಲ. ನೋಂದಣಿ ಖರ್ಚನ್ನು ಮೊದಲೇ ಲೆಕ್ಕಕ್ಕಿಟ್ಟುಕೊಳ್ಳಿ: ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಅಧಿಭಾರ, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2. ಮುಂಗಡವಾಗಿ ಇಪ್ಪತ್ತು ಸಾವಿರ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಕೊಡಬೇಡಿ. ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಬೆಲೆಯಲ್ಲಿ ಒಂದು ಭಾಗವನ್ನು ತೆರಿಗೆಯಾಗಿ ಹಿಡಿದು (ಟಿಡಿಎಸ್) ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವ ನಿಮ್ಮದು. ಅಮೆರಿಕದ ಮಗನ ಪಾಲಿಗೆ ಈ ಕಡಿತದ ನಿಯಮ ಬೇರೆ, ಕೊಳ್ಳುವವರು ಎಡವುವುದು ಬಹುಪಾಲು ಇಲ್ಲೇ. ಇಲ್ಲಿ ನೆಲೆಸಿದ ಮಾರಾಟಗಾರರಾದರೆ ಒಟ್ಟು ಬೆಲೆ 50 ಲಕ್ಷ ಮುಟ್ಟಿದಾಗ ಶೇ. 1 ಕಡಿತ. ಮಾರುವವರು ಹಲವರಿದ್ದರೂ ನೋಡುವುದು ಒಟ್ಟು ಬೆಲೆಯನ್ನು, ಒಬ್ಬೊಬ್ಬರ ಪಾಲನ್ನಲ್ಲ. ಅನಿವಾಸಿಗೆ ಆ 50 ಲಕ್ಷದ ಮಿತಿಯೇ ಇಲ್ಲ. ದೀರ್ಘಾವಧಿ ಲಾಭದ ದರ 2024ರ ಜುಲೈ 23ರಿಂದ ಶೇ. 12.5, ಜೊತೆಗೆ ಸರ್ಚಾರ್ಜ್ ಮತ್ತು ಸೆಸ್. ಕಡಿಮೆ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಅವರು ಪ್ರಮಾಣಪತ್ರ ತಾರದಿದ್ದರೆ, ಲಾಭದ ಮೇಲಲ್ಲ, ಅವರ ಪಾಲಿನ ಪೂರ್ತಿ ಮೊತ್ತದ ಮೇಲೆ ಹಿಡಿಯುವುದೇ ನಿಮಗೆ ಕ್ಷೇಮ. ನೀವು ಹಿಡಿಯದಿದ್ದರೆ ಇಲಾಖೆ ನಿಮ್ಮನ್ನು ಕೇಳುತ್ತದೆ, ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಇರುವವರನ್ನಲ್ಲ. ಇದನ್ನು ಮಾತುಕತೆಯ ಆರಂಭದಲ್ಲೇ ಅವರಿಗೆ ತಿಳಿಸಿ. ನೋಂದಣಿಯ ಹಿಂದಿನ ದಿನ ಹೇಳಿದರೆ ಹಣ ಮುರಿದುಕೊಳ್ಳುವ ಹುನ್ನಾರದಂತೆ ಕಾಣುತ್ತದೆ. ಒಳ್ಳೆಯ ಆಡಿಟರ್ ಒಬ್ಬರನ್ನು ಈ ಒಂದು ಕೆಲಸಕ್ಕಾದರೂ ಹಿಡಿಯಿರಿ.

ಕರಾರಿಗೆ ಮೊದಲು ನಿಮ್ಮ ವಕೀಲರಿಂದ ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆ ಕೊಡಿಸಿ. ಗೊತ್ತಿಲ್ಲದ ಸಾಲಗಾರರೋ ಹಳೆಯ ಕರಾರಿನವರೋ ಇದ್ದರೆ ಆಗ ಹೊರಬರಬಹುದು. ಪ್ರಕಟಣೆ ಹಾಕುವುದನ್ನು ವಾರಸುದಾರರಿಗೆ ಮೊದಲೇ ಹೇಳಿರಿ, ತಂದೆಯ ಹೆಸರನ್ನು ಪತ್ರಿಕೆಯಲ್ಲಿ ದಿಢೀರನೆ ಕಂಡರೆ ನೊಂದುಕೊಳ್ಳುತ್ತಾರೆ.

ಬ್ರೋಕರ್‌ಗೆ ಎರಡು ಲಕ್ಷ ಮುಂಗಡ ಕೊಡಬೇಕೇ ಎಂದು ಕೇಳಿದ್ದೀರಿ. ಬೇಡ. ನಿಮ್ಮ ಪಕ್ಕದ ಮನೆಯವರನ್ನು ನಿಮಗೆ ಪರಿಚಯ ಮಾಡಿಸಲು ಮೂರನೆಯವರು ಹಣ ಕೇಳುವುದೇ ವಿಚಿತ್ರ. ಅವರಿಗೆ ನಿಜವಾಗಿ ಕುಟುಂಬದ ಸಂಪರ್ಕವಿದ್ದರೆ, ಮೂರೂ ಕಡೆಯವರು ಒಂದೇ ಕರೆಯಲ್ಲಿ ಕೂತು ಮಾತನಾಡುವಂತೆ ಮಾಡಲಿ. ಊರಿನ ವಾಡಿಕೆಯಂತೆ ಶೇ. 1ರಿಂದ 2ರ ದಲ್ಲಾಳಿ ಹಣವನ್ನು ಕ್ರಯಪತ್ರ ನೋಂದಣಿಯಾದ ದಿನ ಕೊಡುವುದಾಗಿ ಹೇಳಿ. ಆ ಷರತ್ತಿಗೆ ಅವರು ಒಪ್ಪದಿದ್ದರೆ ಇಸ್ತ್ರಿ ಅಂಗಡಿಯವರಿಂದಲೇ ಶುರು ಮಾಡಿ.